ಕಾದು ಕಂಡುಕೊಳ್ಳುವ ರೋಗಾಣು

ಠಾಣೆ–ಬೇಲಾಪುರ ರಸ್ತೆಯ ಮಗ್ಗುಲಿನ ರಬಾಳೆ ಕಾರ್ಖಾನೆಗಳ ಊರು. ಪಾಳಿ ಮುಗಿಸಿದವರು ಒಂದೇ ಖೋಲಿಯಲ್ಲಿ ಒತ್ತೊತ್ತಾಗಿ ಮಲಗುವ ಇಂಥ ಕಡೆ ಒಬ್ಬರ ಕೆಮ್ಮು ಒಬ್ಬರಲ್ಲೇ ಉಳಿಯುವುದಿಲ್ಲ. ಕೆಮ್ಮು ಎರಡು ವಾರ ದಾಟಿದರೆ ಕ್ಷಯವೇ ಎಂದು ತಿಳಿಯಲು ಕಫ ಪರೀಕ್ಷೆ ಆಗಲೇಬೇಕು. ಆ ಕಫ ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಹೋಯಿತೆಂದರೆ ವರದಿಗೆ ಕಾಯಬೇಕು.

ಕ್ಷಯದ ಬ್ಯಾಕ್ಟೀರಿಯಾ ಅಷ್ಟು ನಿಧಾನ. ಕರುಳಿನ ಇ. ಕೋಲೈ 20 ನಿಮಿಷಕ್ಕೆ ಒಂದು ಎರಡಾಗಬಲ್ಲದು. ಕ್ಷಯದ ರೋಗಾಣುವಿಗೆ 15ರಿಂದ 20 ಗಂಟೆ ಬೇಕು. 1882ರಲ್ಲಿ ಈ ರೋಗಾಣುವನ್ನು ಜಗತ್ತಿಗೆ ತೋರಿಸಿದ ರಾಬರ್ಟ್ ಕಾಕ್ ಕೂಡ ದಿನಗಟ್ಟಲೆ ಕಾದೇ ಅದನ್ನು ಬೆಳೆಸಿದ್ದರು.

1930ರ ದಶಕದಲ್ಲಿ ಅದನ್ನು ಬೆಳೆಸಲು ಲೋವೆನ್‌ಸ್ಟೈನ್–ಜೆನ್ಸನ್ ಮಾಧ್ಯಮ ಬಂತು. ಕೋಳಿಮೊಟ್ಟೆಗೆ ಗ್ಲಿಸರಾಲ್, ಲವಣ, ಮ್ಯಾಲಕೈಟ್ ಗ್ರೀನ್ ಬೆರೆಸಿ, ಬಾಟಲಿಯನ್ನು ಓರೆಯಾಗಿಟ್ಟು ಬಿಸಿಯಲ್ಲಿ ಗಟ್ಟಿ ಮಾಡಿದರೆ ತಿಳಿಹಸಿರು ಇಳಿಜಾರು ಸಿದ್ಧ. ಆ ಹಸಿರು ಬಣ್ಣವೇ ಬೇರೆ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ. ಮೂರರಿಂದ ಎಂಟು ವಾರದೊಳಗೆ ಅದರ ಮೇಲೆ ಹೂಕೋಸಿನ ಚೂರಿನಂಥ ಒರಟು, ಕೆನೆಬಣ್ಣದ ಗುಡ್ಡೆಗಳು ಏಳುತ್ತವೆ.

ಈ ತಾಳ್ಮೆಯ ಬೆಲೆ ನಮ್ಮ ನೆಲದಲ್ಲೇ ಗೊತ್ತಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ಎಕ್ಸ್‌ರೇ, ಸೂಕ್ಷ್ಮದರ್ಶಕ, ಕಲ್ಚರ್ ಮೂಲಕ ಮತ್ತೆ ಮತ್ತೆ ಪರೀಕ್ಷಿಸಿತು. ಹೀಗೆ ಕಾದು ನೋಡಿದಾಗ ತಿಳಿದದ್ದು ಇದು: ಕಫದಲ್ಲಿ ರೋಗಾಣು ಕಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷದೊಳಗೆ ತೀರಿಕೊಂಡಿದ್ದರು.

ಆಮೇಲೆ ಬಂದದ್ದು ಎಂಜಿಐಟಿ ಎಂಬ ದ್ರವ ಮಾಧ್ಯಮದ ಕೊಳವೆ. ಅದರ ತಳದಲ್ಲಿ ರುಥೇನಿಯಂ ಸಂಯುಕ್ತವಿದೆ. ಆಮ್ಲಜನಕ ಇರುವವರೆಗೆ ಅದರ ಹೊಳಪು ಅಡಗಿರುತ್ತದೆ. ಬ್ಯಾಕ್ಟೀರಿಯಾ ಉಸಿರಾಡಿ ಆಮ್ಲಜನಕ ಮುಗಿಸುತ್ತಾ ಬಂದಂತೆ ಅತಿನೇರಳೆ ಬೆಳಕಿನಲ್ಲಿ ಕೊಳವೆ ಮಿನುಗತೊಡಗುತ್ತದೆ. 37 ಡಿಗ್ರಿಯಲ್ಲಿಟ್ಟ ಕೊಳವೆಗಳನ್ನು ಯಂತ್ರವೇ ಗಂಟೆಗೊಮ್ಮೆ ನೋಡುತ್ತದೆ. ಎಷ್ಟೋ ಮಾದರಿಗಳ ಉತ್ತರ ಎರಡು ವಾರದ ಆಸುಪಾಸಿನಲ್ಲೇ ಸಿಗುತ್ತದೆ. 'ಇಲ್ಲ' ಎನ್ನಲು ಮಾತ್ರ 42 ದಿನ ಕಾಯಬೇಕು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದ್ರವ ಕಲ್ಚರ್ ಬಳಕೆಗೆ ಶಿಫಾರಸು ಮಾಡಿತು.

ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಎಂಬ ಪರೀಕ್ಷೆಗಳು ರೋಗಾಣುವಿನ ಡಿಎನ್‌ಎಯನ್ನು ಕೆಲವೇ ಗಂಟೆಗಳಲ್ಲಿ ಪತ್ತೆ ಹಚ್ಚುತ್ತವೆ. ಚಿಕಿತ್ಸೆ ತಡವಾಗದಿರಲು ಅವು ಬೇಕೇ ಬೇಕು. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಅವಕ್ಕೆ ಸಿಗುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಕಫದಲ್ಲಿ ಜೀವಂತ ರೋಗಾಣು ಇನ್ನೂ ಉಳಿದಿದೆಯೇ ಎಂದು ಹೇಳುವುದು ಕಲ್ಚರ್. ಅಲ್ಲಿ ಏನೂ ಬೆಳೆಯದಿದ್ದರೆ, ಆ ಖೋಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.