ಗೀತಾ ನಾಗಭೂಷಣರನ್ನು ಓದುವ ಕ್ರಮ

ಕಲಬುರಗಿಯಿಂದ ಆಳಂದಕ್ಕೆ ಹೋಗುವ ಹಾದಿಯ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ನಾನಾ ಪ್ರಾಂತಗಳ ವಿದ್ಯಾರ್ಥಿಗಳು ಬಂದು ಸೇರುತ್ತಿರುವಾಗಲೇ, ಸುತ್ತಣ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಬಡವರು ದುಡಿಮೆಯನ್ನರಸಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೊರಡುವರು. ಸ್ತ್ರೀಸ್ವಾತಂತ್ರ್ಯ, ಶೋಕ, ವಲಸೆ ಇವನ್ನು ಕುರಿತು ಈ ಕಾಲದ ಯಾವ ಲೇಖಕಿಯನ್ನು ಓದಬೇಕೆಂದು ಇಲ್ಲಿಯ ತರುಣರು ಕೇಳಿದರೆ, ನೈಜೀರಿಯದ ಚಿಮಮಾಂಡ ಎನ್‌ಗೋಜಿ ಅಡೀಚಿಯ ಹೆಸರು ಒಡನೆ ನಾಲಗೆಗೆ ಬರುತ್ತದೆ. ಅಮೆರಿಕೆಗೆ ತೆರಳಿದ ತರುಣಿಯ ಕಥೆಯಾದ ‘ಅಮೆರಿಕಾನಾ’ (2013), ಸ್ತ್ರೀವಾದವನ್ನು ಸರಳವಾಗಿ ಪ್ರತಿಪಾದಿಸುವ ‘ವಿ ಶುಡ್ ಆಲ್ ಬಿ ಫೆಮಿನಿಸ್ಟ್ಸ್’ (2014), ತಂದೆಯ ಮರಣಾನಂತರ ರಚಿಸಿದ ‘ನೋಟ್ಸ್ ಆನ್ ಗ್ರೀಫ್’ (2021), ಈ ಮೂರೂ ವಾಚನಯೋಗ್ಯವೆಂಬುದು ನಿಸ್ಸಂಶಯ. ಆದರೆ ಈ ಸೀಮೆಯ ಓದುಗರು ಅದಕ್ಕೂ ಮುನ್ನ ಓದಬೇಕಾದವರು ಇದೇ ಜಿಲ್ಲೆಯ ಸಾವಳಗಿಯಲ್ಲಿ 1942ರಲ್ಲಿ ಜನಿಸಿದ ಗೀತಾ ನಾಗಭೂಷಣರು.

ಕಲಬುರಗಿಯ ಎಂ.ಎಸ್.ಕೆ. ಗಿರಣಿಯ ಕಾರ್ಮಿಕನ ಮಗಳಾಗಿ ಬೆಳೆದು, ಕಚೇರಿಯ ನೌಕರಿಯ ನಡುವೆಯೇ ವ್ಯಾಸಂಗ ಮುಂದುವರಿಸಿ ಅಧ್ಯಾಪಕಿಯಾದ ಅವರಿಗೆ, ದುಡಿಯುವ ಹೆಣ್ಣಿನ ಬದುಕು ಗ್ರಂಥಗಳಿಂದ ಕಲಿತ ವಿಷಯವಾಗಿರಲಿಲ್ಲ. ಹೊಸಬರು ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿಯಿಂದ ಆರಂಭಿಸುವುದು ಉಚಿತ. ಬಡ ಹೆಣ್ಣಿನ ದೇಹವನ್ನು ತಮ್ಮ ಸೊತ್ತೆಂದೆಣಿಸುವ ಬಲಾಢ್ಯರನ್ನು ನಿರ್ದಾಕ್ಷಿಣ್ಯವಾಗಿ ಚಿತ್ರಿಸುವ ಈ ಕೃತಿ ‘ಹೆಣ್ಣಿನ ಕೂಗು’ ಎಂಬ ಚಲನಚಿತ್ರವೂ ಆಯಿತು. ಅನಂತರ, 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಮೊಟ್ಟಮೊದಲಿಗೆ ಕನ್ನಡದ ಲೇಖಕಿಯೊಬ್ಬರಿಗೆ ತಂದುಕೊಟ್ಟ ‘ಬದುಕು’ ಎಂಬ ಬೃಹತ್ ಕಾದಂಬರಿಗೆ ಬರಬೇಕು. ಸಂಭಾಷಣೆಯಲ್ಲಿ ತುಂಬಿರುವ ಕಲಬುರಗಿಯ ಆಡುನುಡಿ ದಕ್ಷಿಣದವರಿಗೆ ಮೊದಲು ತೊಡಕೆನಿಸಿದರೂ, ಗಟ್ಟಿಯಾಗಿ ಓದಿದೊಡನೆ ತಾನಾಗಿ ಬಿಡಿಸಿಕೊಳ್ಳುವುದು.

ಅಡೀಚಿಯ ಬೇರೆ ಬೇರೆ ಪುಸ್ತಕಗಳಲ್ಲಿ ಪ್ರಧಾನವಾಗುವ ಸ್ತ್ರೀಸ್ವಾತಂತ್ರ್ಯ, ಶೋಕ, ವಲಸೆ ಎಂಬ ಮೂರು ವಿಷಯಗಳು, ಗೀತಾ ಅವರು ಕಂಡ ಲೋಕದ ಹೆಣ್ಣಿಗೆ ಒಂದೇ ದಿನದಲ್ಲಿ ಒಟ್ಟಿಗೆ ಒದಗುವಂಥವು: ಸತ್ತವರಿಗಾಗಿ ಅತ್ತವಳು ಮರುದಿನ ಕೂಲಿಗೆ ಹೋಗಲೇಬೇಕು, ಕೂಲಿಗಾಗಿ ಊರು ಬಿಟ್ಟವಳು ಪರಸ್ಥಳದಲ್ಲಿ ತನ್ನ ಮಾನವನ್ನು ತಾನೇ ಕಾಯ್ದುಕೊಳ್ಳಬೇಕು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, 2020ರ ಜೂನ್‌ನಲ್ಲಿ ನಿಧನರಾದ ಈ ಲೇಖಕಿಯನ್ನು ಓದಿದ ಬಳಿಕ ಅಡೀಚಿಯ ಶೋಕಗ್ರಂಥವನ್ನು ತೆರೆದವರಿಗೆ, ತಂದೆಯನ್ನು ಕಳೆದುಕೊಂಡ ಮಗಳ ವೇದನೆ ಕಿಂಚಿತ್ತೂ ಕಡಿಮೆಯೆನಿಸದು; ಆದರೆ ಆ ವೇದನೆಯನ್ನು ಕುಳಿತು ಬರೆಯುವಷ್ಟು ಬಿಡುವು ಎಷ್ಟು ಜನ ಹೆಣ್ಣುಮಕ್ಕಳಿಗೆ ದಕ್ಕೀತೆಂಬ ಪ್ರಶ್ನೆ ಏಳದೆ ಇರದು.