ಹೊರಡದಿರುವ ಹಕ್ಕು

ವಿಮಾನದ ಟಿಕೆಟ್ಟು ಕೊಳ್ಳಹೊರಟವನ ಎದುರಿಗೆ ಈಗ ಎರಡು ಬೆಲೆಗಳು ಬಂದು ನಿಲ್ಲುತ್ತವೆ. ವಿಮಾನ ಒಂದೇ, ಕೂಡುವ ಆಸನ ಒಂದೇ, ತಲಪುವ ಊರೂ ಒಂದೇ. ಆದರೂ ಒಂದಕ್ಕೆ 6,000 ರೂಪಾಯಿ, ಇನ್ನೊಂದಕ್ಕೆ 7,400. ಹೆಚ್ಚಿನ 1,400 ರೂಪಾಯಿಗೆ ಏನು ದೊರೆಯುತ್ತದೆಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ: ಹೊರಟವನಿಗೆ ಏನೂ ಇಲ್ಲ, ಹೊರಡದವನಿಗೆ ಮಾತ್ರ ಉಂಟು. ದಿನ ಬದಲಾಯಿಸಿದರೆ ದಂಡವಿಲ್ಲ, ರದ್ದು ಮಾಡಿದರೆ ಹಣ ಹಿಂದಿರುಗುತ್ತದೆ. ಜನ ಇದನ್ನು ಫ್ಲೆಕ್ಸಿ ಟಿಕೆಟ್ಟು ಎನ್ನುತ್ತಾರೆ. ಕನ್ನಡದ ಮೇಷ್ಟರಾದ ನನಗೆ ತೋರಿದ ಹೆಸರು ‘ಹೊರಡದಿರುವ ಹಕ್ಕು’. ಈ ಹಕ್ಕಿಗೆ ಬೆಲೆ ತೆರುವುದು ವಿವೇಕವೆ, ಅಥವಾ ದುಂದೆ?

ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮಿತ್ರರಿಗೆ ಇದರಲ್ಲಿ ಸಂಶಯವೇ ಇಲ್ಲ. “ಭಾಗಾಕಾರ ಬಂದರೆ ಸಾಕು, ಸ್ವಾಮಿ” ಎಂದು ಅವರು ಕಾಗದದ ಚೂರೊಂದನ್ನು ತೆಗೆದುಕೊಂಡರು. ಅಗ್ಗದ ಟಿಕೆಟ್ಟನ್ನು ರದ್ದು ಮಾಡಿದರೆ ಸುಮಾರು 5,000 ರೂಪಾಯಿ ಹೋಗುತ್ತದೆ ಎನ್ನೋಣ. ಆ ನಷ್ಟವನ್ನು ತಪ್ಪಿಸಿಕೊಳ್ಳಲು 1,400 ಕೊಡಬೇಕು. ಹಾಗಾದರೆ ನೂರು ಪ್ರಯಾಣಗಳಲ್ಲಿ 28ಕ್ಕಿಂತ ಹೆಚ್ಚನ್ನು ಬಿಡುವವನಿಗೆ ಮಾತ್ರ ಇದು ಲಾಭ. “ನೀವು ಎಷ್ಟು ಸಲ ಬಿಟ್ಟಿದ್ದೀರಿ?” ಎಂದರು. ಮನೆಗೆ ಹೋಗಿ ಹಳೆಯ ದಿನಚರಿಗಳನ್ನು ತೆರೆದು ನೋಡಿದೆ. ಹತ್ತು ವರ್ಷಗಳಲ್ಲಿ 22 ಸಲ ಹಾರಿದ್ದೆ ಅಥವಾ ಹಾರಲು ಹಣ ಕಟ್ಟಿದ್ದೆ. ಬಿಟ್ಟದ್ದು ಎರಡೇ ಸಲ. ಇಂದಿನ ದರದಲ್ಲಿ ಎಣಿಸಿದರೆ, 10,000 ರೂಪಾಯಿ ಉಳಿಸಲು 30,800 ತೆರಬೇಕಾಗಿತ್ತು. ಮಿತ್ರರು ಗೆದ್ದರು.

ಇಷ್ಟಕ್ಕೂ ಈ ಎರಡು ಬೆಲೆಗಳ ವ್ಯವಸ್ಥೆ ಹುಟ್ಟಿದ್ದು ನಮ್ಮ ಅನುಕೂಲಕ್ಕಾಗಿ ಅಲ್ಲ. ಹೊರಟುಹೋದ ವಿಮಾನದ ಖಾಲಿ ಆಸನ ಸಂಜೆಗೆ ಉಳಿದ ಸೊಪ್ಪಿನ ಹಾಗೆ. ಮರುದಿನ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಮುಂಚೆಯೇ ಬರುವವನಿಗೆ ಅಗ್ಗವಾಗಿ ಮಾರಬೇಕು; ಆದರೆ ಕಡೆಯ ಗಳಿಗೆಯಲ್ಲಿ ಓಡಿಬಂದು ಕೇಳಿದಷ್ಟು ಕೊಡುವವನಿಗೂ ಕೆಲವು ಆಸನಗಳನ್ನು ಉಳಿಸಿಕೊಂಡಿರಬೇಕು. ಎಷ್ಟು ಉಳಿಸಬೇಕೆಂಬುದಕ್ಕೆ ಬ್ರಿಟನ್ನಿನ ಬಿ.ಓ.ಎ.ಸಿ. ಸಂಸ್ಥೆಯ ಕೆನ್ ಲಿಟ್ಲ್‌ವುಡ್ 1972ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು. 1977ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಮುಂಗಡವಾಗಿ ಕೊಳ್ಳುವವರಿಗೆ ಕಟ್ಟುಪಾಡುಗಳೊಡನೆ ರಿಯಾಯಿತಿ ದರವನ್ನು ತಂದಿತು. ಮರುವರ್ಷ ಅಲ್ಲಿ ಸರ್ಕಾರದ ದರ ನಿಯಂತ್ರಣವನ್ನು ತೆಗೆದುಹಾಕಲು ಕಾನೂನೇ ಆಯಿತು. ನಮ್ಮಲ್ಲಿ 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾಗಿ, ಆ ಕಾನೂನು 1994ರಲ್ಲಿ ರದ್ದಾದ ಮೇಲೆ ಖಾಸಗಿ ಸ್ಪರ್ಧೆಗೆ ದಾರಿ ಪೂರ್ತಿಯಾಗಿ ತೆರೆಯಿತು. ಅಗ್ಗದ ಟಿಕೆಟ್ಟಿನ ಬಿಗಿಯೆಂಬುದು ಮಾರುವವನ ಮರೆವಲ್ಲ; ಅಗ್ಗಕ್ಕೆ ಬದಲಾಗಿ ನಾವು ಕೊಟ್ಟ ಮಾತು.

ಕೊಳ್ಳುವವನು ತಿಳಿದಿರಬೇಕಾದ ಎರಡು ಸಂಗತಿಗಳುಂಟು. ಮೊದಲನೆಯದು, ‘ಬದಲಾವಣೆಗೆ ಶುಲ್ಕವಿಲ್ಲ’ ಎಂದರೆ ಬದಲಾವಣೆ ಬಿಟ್ಟಿಯೆಂದು ಅರ್ಥವಲ್ಲ. ಹೊಸ ದಿನದ ದರ ಹೆಚ್ಚಾಗಿದ್ದರೆ ಆ ವ್ಯತ್ಯಾಸವನ್ನು ಸಾಮಾನ್ಯವಾಗಿ ನಾವೇ ಕಟ್ಟಬೇಕು. ದಿನ ಬದಲಿಸುವ ಹಕ್ಕು ಬೇರೆ, ಹಣ ಹಿಂಪಡೆಯುವ ಹಕ್ಕು ಬೇರೆ; ಇವೆರಡನ್ನೂ ಒಂದೆಂದು ಭಾವಿಸಿ ಮೋಸಹೋದವರು ಹಲವರು. ಎರಡನೆಯದು, ಎಷ್ಟೇ ಬಿಗಿಯಾದ ಟಿಕೆಟ್ಟಾದರೂ ಅದರೊಳಗಿನ ಎಲ್ಲ ಹಣವೂ ವಿಮಾನ ಸಂಸ್ಥೆಯದಲ್ಲ. ನಮ್ಮ ದೇಶದ ನಾಗರಿಕ ವಿಮಾನಯಾನ ನಿರ್ದೇಶನಾಲಯದ 2016ರ ನಿಯಮದಂತೆ, ರದ್ದತಿಯ ಶುಲ್ಕ ಮೂಲ ದರ ಮತ್ತು ಇಂಧನದ ಮೇಲುದರಗಳ ಮೊತ್ತವನ್ನು ಮೀರಕೂಡದು. ಪ್ರಯಾಣ ಮಾಡದವನಿಗೆ ಸರ್ಕಾರದ ತೆರಿಗೆಗಳನ್ನೂ ನಿಲ್ದಾಣದ ಶುಲ್ಕಗಳನ್ನೂ ಮರಳಿಸಬೇಕು. ವಿಮಾನ ತಪ್ಪಿಹೋಯಿತೆಂದು ಕೈಚೆಲ್ಲಿ ಕೂತವರು ಈ ಹಣವನ್ನು ಕೇಳುವುದನ್ನೇ ಮರೆಯುತ್ತಾರೆ.

ಇಲ್ಲಿಗೆ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಬಿಡದೆ ಹೋದ ಇಪ್ಪತ್ತು ಪ್ರಯಾಣಗಳಲ್ಲಿ ಒಂದು, ಭಾಗಾಕಾರಕ್ಕೆ ಸಿಕ್ಕದೆ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಕೆಲವು ವರ್ಷಗಳ ಹಿಂದೆ ದೆಹಲಿಯ ವಿಚಾರಗೋಷ್ಠಿಯೊಂದಕ್ಕೆ ಹೋಗುವುದಿತ್ತು. ಹೋಗಿಬರುವುದಕ್ಕೆ ಅಗ್ಗದ ಟಿಕೆಟ್ಟನ್ನೇ ಕೊಂಡು, 2,800 ರೂಪಾಯಿ ಉಳಿಸಿದೆನೆಂದು ಹಿಗ್ಗಿದ್ದೆ. ಶನಿವಾರದ ಪ್ರಯಾಣ. ಗುರುವಾರ ರಾತ್ರಿ ತೀರ್ಥಹಳ್ಳಿಯ ಕಡೆಯಿಂದ ನನ್ನ ಸೋದರಮಾವನ ಫೋನು ಬಂತು. ನನಗೆ ಹಳಗನ್ನಡ ಓದುವುದನ್ನು ಕಲಿಸಿದವರು ಅವರು; ಬಹಳ ದಿನಗಳಿಂದ ಎದೆಯ ಕಾಯಿಲೆಯಲ್ಲಿದ್ದರು. “ಬಿಡುವಾದರೆ ಒಂದು ಸಲ ಬಂದು ಹೋಗೋ. ಮಾತಾಡಬೇಕು ಅನ್ನಿಸಿದೆ” ಎಂದರು. ಅವರು ಯಾರನ್ನೂ ಬಾ ಎಂದು ಕರೆದವರಲ್ಲ. ನಾನು ಟಿಕೆಟ್ಟನ್ನು ತೆಗೆದು ನೋಡಿದೆ: ಬಿಟ್ಟರೆ ಹತ್ತು ಸಾವಿರ ಮಣ್ಣುಪಾಲು. “ಗೋಷ್ಠಿ ಮುಗಿಸಿಕೊಂಡು ಬುಧವಾರ ಬರುತ್ತೇನೆ ಮಾವ” ಎಂದೆ. “ಹಾಗೇ ಮಾಡು” ಎಂದರು.

ಭಾನುವಾರ ಬೆಳಿಗ್ಗೆ ಮಾವ ತೀರಿಕೊಂಡರು. ಕೈಯಲ್ಲಿದ್ದ ಟಿಕೆಟ್ಟಿನ ದಿನ ಬದಲಿಸಲು ಹೊರಟರೆ ಶುಲ್ಕವೂ ದರದ ವ್ಯತ್ಯಾಸವೂ ಸೇರಿ ಹೊಸ ಟಿಕೆಟ್ಟಿಗಿಂತ ದುಬಾರಿಯಾಯಿತು. 13,000 ರೂಪಾಯಿ ಕೊಟ್ಟು ಬೇರೆ ವಿಮಾನ ಹತ್ತಿ, ಬೆಂಗಳೂರಿನಲ್ಲಿ ರಾತ್ರಿಯ ಬಸ್ಸು ಹಿಡಿದು, ಸೋಮವಾರ ನಸುಕಿಗೆ ತಲಪಿದೆ. ಸಂಸ್ಕಾರ ಹಿಂದಿನ ಸಂಜೆಯೇ ಮುಗಿದಿತ್ತು. ಅತ್ತೆ ಬೈಯಲಿಲ್ಲ. “ಶನಿವಾರವೆಲ್ಲಾ ಬಾಗಿಲ ಕಡೆಗೇ ನೋಡುತ್ತಿದ್ದರಪ್ಪ” ಎಂದಷ್ಟೇ ಹೇಳಿದರು.

ಇದನ್ನು ಕೇಳಿದ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅದು ಟಿಕೆಟ್ಟಿನ ತಪ್ಪಲ್ಲ. ಗುರುವಾರ ರಾತ್ರಿಯ ಹೊತ್ತಿಗೆ ಆ ಹತ್ತು ಸಾವಿರ ಹೋಗಿಯೇ ಆಗಿತ್ತು. ನೀವು ಹೋದರೂ ಅಷ್ಟೆ, ಬಿಟ್ಟರೂ ಅಷ್ಟೆ. ಕಳೆದ ಹಣವನ್ನು ಕಣ್ಣಮುಂದಿಟ್ಟುಕೊಂಡು ಮುಂದಿನದನ್ನು ನಿರ್ಧರಿಸಬಾರದೆಂದು ನಾವು ಮೊದಲ ವರ್ಷದ ಹುಡುಗರಿಗೇ ಹೇಳಿಕೊಡುತ್ತೇವೆ” ಎಂದರು. ಮಾತು ನಿಜ. ಭಾನುವಾರ 13,000 ಎಸೆಯಲು ಹಿಂಜರಿಯದ ನಾನು, ಗುರುವಾರ ಆಗಲೇ ಕೈಬಿಟ್ಟಿದ್ದ ಹತ್ತು ಸಾವಿರಕ್ಕೆ ಕಟ್ಟುಬಿದ್ದಿದ್ದೆ. ನನ್ನನ್ನು ದೆಹಲಿಗೆ ಎಳೆದೊಯ್ದದ್ದು ಗೋಷ್ಠಿಯಲ್ಲ, ನನ್ನ ಜಿಪುಣತನ.

ಹಾಗಾದರೆ ದುಬಾರಿ ಟಿಕೆಟ್ಟೇ ಮೇಲೆ? ಮನೆಯಲ್ಲಿ ಕಾಯಿಲೆಯವರಿರುವಾಗ, ಕೆಲಸ ಎಂದು ಮುಗಿದೀತೆಂದು ಹೇಳಲಾಗದಾಗ, ಹೌದೆಂದೇ ಹೇಳುತ್ತೇನೆ. ಮರುಪ್ರಯಾಣಕ್ಕೆ ಮಾತ್ರವಾದರೂ ಕೊಳ್ಳಬಹುದು. ಆಗ ಅದು ದುಂದಲ್ಲ. ಉಳಿದವುಗಳಿಗೆ ನಾನು ಬೇರೊಂದು ಉಪಾಯ ಹಿಡಿದಿದ್ದೇನೆ. ಅಗ್ಗದ ಟಿಕೆಟ್ಟನ್ನೇ ಕೊಂಡು, ಉಳಿದ ಹಣವನ್ನು ಪುಸ್ತಕದ ಬೀರುವಿನಲ್ಲಿರುವ ಡಬ್ಬಿಯೊಂದಕ್ಕೆ ಹಾಕುತ್ತೇನೆ. ಅದು ಪುಸ್ತಕಕ್ಕಲ್ಲ, ಬಟ್ಟೆಗಲ್ಲ, ಹೊರಡದಿರುವುದಕ್ಕೆ ಮೀಸಲು. ಯಾರಾದರೂ ಬಾ ಎಂದು ಕರೆದರೆ ಟಿಕೆಟ್ಟನ್ನು ಹರಿದೆಸೆಯುವ ಧೈರ್ಯ ಆ ಡಬ್ಬಿಯಲ್ಲಿರಲಿ ಎಂದು.

ಕಳೆದ ವರ್ಷ ಅತ್ತೆಗೆ ಜ್ವರ ಬಂದಿತೆಂದು ಕೇಳಿ ಅದನ್ನು ಮೊದಲ ಸಲ ಒಡೆದೆ. ಹೈದರಾಬಾದಿನ ಪ್ರಯಾಣವನ್ನು ಬಿಟ್ಟು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಜ್ವರ ಆಗಲೇ ಬಿಟ್ಟಿತ್ತು. “ಇಷ್ಟಕ್ಕೆಲ್ಲಾ ಯಾಕೆ ಬಂದೆಯೋ, ದುಡ್ಡು ದಂಡ” ಎಂದು ಅತ್ತೆ ಗದರಿ ಒಲೆಯ ಮೇಲೆ ಕಾಫಿಗೆ ನೀರಿಟ್ಟರು.