ಮುತ್ಯಾನ ಮಾಳಿಗೆ, ನಮ್ಮ ಐದನೇ ಮಹಡಿ

ನಮ್ಮ ಹೀಟ್ ಟ್ರಾನ್ಸ್‌ಫರ್ ವಿಷಯದಲ್ಲಿ ಗೋಡೆಯ ಲೆಕ್ಕವೊಂದು ಬರುತ್ತದೆ. ಮನೆಯ ಒಳಗೆ 20 ಡಿಗ್ರಿ ಇದೆ, ಹೊರಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ ಇದೆ, ಗೋಡೆಯ ಮೂಲಕ ಎಷ್ಟು ಶಾಖ ಹೊರಗೆ ಸೋರಿಹೋಗುತ್ತದೆ ಕಂಡುಹಿಡಿಯಿರಿ. ಕಳೆದ ಮೇ ತಿಂಗಳ ಒಂದು ರಾತ್ರಿ ಹತ್ತು ಗಂಟೆಗೆ ನಾನು ಈ ಲೆಕ್ಕ ಬಿಡಿಸುತ್ತಿದ್ದೆ. ಕುಳಿತಿದ್ದು ಕಲಬುರಗಿಯ ರಿಂಗ್ ರಸ್ತೆ ಕಡೆಯ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ. ಅದೇ ಕೊನೆಯ ಮಹಡಿ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೂ ಮೇಲಿನಿಂದ ಬಿಸಿಗಾಳಿಯನ್ನೇ ತಂದು ಸುರಿಯುತ್ತಿತ್ತು. ಬೆವರಿನಿಂದ ನೋಟ್‌ಬುಕ್ಕಿನ ಹಾಳೆ ಮೊಣಕೈಗೆ ಅಂಟಿಕೊಳ್ಳುತ್ತಿತ್ತು. ಹೊರಗೆ ಹಿಮ ಇದೆ ಎಂದುಕೊಂಡು ಲೆಕ್ಕ ಮಾಡುವುದು ನಗು ತರಿಸಿತು.

ಪಕ್ಕದ ಕೋಣೆಯಿಂದ ಮುತ್ಯಾ ಎದ್ದು ಬಂದರು. ಮಂಡಿನೋವಿಗೆ ತೋರಿಸಲು ಕಮಲಾಪುರದಿಂದ ಬಂದು ವಾರವಾಗಿತ್ತು. "ಯವ್ವಾ, ಇದು ಮನೀ ಅಲ್ಲ, ರೊಟ್ಟಿ ಹಂಚು. ಮ್ಯಾಲಿಂದ ಸುಡ್ಲಾಕತ್ತದ. ನನಗ ನಾಳೆ ಬಸ್ ಹತ್ತಿಸಿಬಿಡು" ಎಂದರು. ಅಪ್ಪ ಬೇಸರ ಮಾಡಿಕೊಂಡರು. ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ಸಾಲ ತಂದು ಕೊಂಡ ಮನೆ ಅದು. ಆದರೆ ಮುತ್ಯಾ ಹೇಳಿದ್ದು ಸುಳ್ಳಾಗಿರಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರ್ ಹೇಳಿದ್ದ ಇನ್ನೊಂದು ತಪಾಸಣೆಯನ್ನೂ ಬಿಟ್ಟು ಅವರು ಊರಿಗೆ ಹೊರಟೇಬಿಟ್ಟರು.

ಕಮಲಾಪುರ ನಮ್ಮ ಊರು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಮುಕ್ಕಾಲು, ಒಂದು ತಾಸಿನ ದಾರಿ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿನ ಬಿಸಿಲೇನೂ ಕಲಬುರಗಿಗಿಂತ ಬೇರೆಯಲ್ಲ. ಎರಡೂ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆದರೂ ಮುತ್ಯಾ ಅಲ್ಲಿ ಪಡಸಾಲೆಯಲ್ಲಿ ಫ್ಯಾನಿಲ್ಲದೆ ಮಧ್ಯಾಹ್ನದ ನಿದ್ದೆ ಮಾಡುತ್ತಾರೆ. ಒಂದೇ ಸೂರ್ಯ, ಎರಡು ಮನೆ. ಈ ವ್ಯತ್ಯಾಸ ಯಾಕೆ ಎಂದು ಹುಡುಕುತ್ತ ಹೋದಾಗಲೇ ನನಗೆ ಆ ಹಿಮದ ಲೆಕ್ಕದ ಬೆಲೆ ತಿಳಿದದ್ದು.

ಶಾಖಕ್ಕೆ ಗೊತ್ತಿರುವುದು ಒಂದೇ ನಿಯಮ. ಬಿಸಿ ಇರುವ ಕಡೆಯಿಂದ ತಂಪು ಇರುವ ಕಡೆಗೆ ಹರಿಯುವುದು. ಚಳಿ ದೇಶದಲ್ಲಿ ಅದು ಒಳಗಿನಿಂದ ಹೊರಗೆ ಓಡುತ್ತದೆ, ನಮ್ಮಲ್ಲಿ ಹೊರಗಿನಿಂದ ಒಳಗೆ ನುಗ್ಗುತ್ತದೆ. ತಡೆಯಬೇಕಾದದ್ದು ಗೋಡೆ ಮತ್ತು ಚಾವಣಿ. ಅವು ಎಷ್ಟು ಸುಲಭವಾಗಿ ಶಾಖ ಬಿಡುತ್ತವೆ ಎಂಬುದನ್ನು 'ಯು' ಮೌಲ್ಯ ಎಂಬ ಅಂಕಿಯಿಂದ ಅಳೆಯುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದೇ ಅದು. ಅಂಕಿ ಕಡಿಮೆಯಾದಷ್ಟೂ ಮನೆ ಒಳ್ಳೆಯದು.

ನಮ್ಮ ಚಾವಣಿ ಆರು ಇಂಚಿನ ಆರ್‌ಸಿಸಿ ಸ್ಲ್ಯಾಬ್. ಅದರ ಯು ಮೌಲ್ಯ ಸುಮಾರು 3.4. ನನ್ನ ಕೋಣೆ ಹತ್ತು ಅಡಿ, ಹನ್ನೆರಡು ಅಡಿ, ಅಂದರೆ ಸುಮಾರು 11 ಚದರ ಮೀಟರ್. ಬಿಸಿಲಿಗೆ ಕಾದ ಸ್ಲ್ಯಾಬಿನ ಮೇಲ್ಮೈಗೂ ಕೋಣೆಗೂ 25 ಡಿಗ್ರಿ ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 935 ವಾಟ್. ಇಸ್ತ್ರಿ ಪೆಟ್ಟಿಗೆಯ ಶಕ್ತಿ ಸಾಮಾನ್ಯವಾಗಿ 1000 ವಾಟ್ ಇರುತ್ತದೆ. ಅಂದರೆ ನಾನು ಓದಲು ಕೂತ ಕೋಣೆಯಲ್ಲಿ ಯಾರೋ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಆನ್ ಮಾಡಿ ಇಟ್ಟು ಹೋದಂತೆ! ಮುತ್ಯಾ ರೊಟ್ಟಿ ಹಂಚು ಅಂದದ್ದರಲ್ಲಿ ಏನು ತಪ್ಪಿದೆ?

ಇನ್ನೂ ಒಂದು ವಿಷಯವಿದೆ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಸಂಜೆಯ ಮೇಲೆ ಅದನ್ನು ಒಳಗೆ ಬಿಡಲು ಶುರು ಮಾಡುತ್ತದೆ. ಹೊರಗೆ ಗಾಳಿ ತಂಪಾಗುವ ಹೊತ್ತಿಗೆ ಮಲಗುವ ಕೋಣೆ ಕುದಿಯುತ್ತದೆ. ಕಮಲಾಪುರದ ಮನೆಯಲ್ಲಿ ಗೋಡೆ ಒಂದೂವರೆ ಮೊಳ ದಪ್ಪದ ಕಲ್ಲು-ಮಣ್ಣಿನದು. ಮೇಲೆ ತೊಲೆ, ಜಂತಿ, ಅದರ ಮೇಲೆ ದಪ್ಪ ಮಣ್ಣಿನ ಮಾಳಿಗೆ. ಮಣ್ಣು ಶಾಖವನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಬಹಳ ತಡ ಮಾಡುತ್ತದೆ. ಮಧ್ಯಾಹ್ನದ ಬಿಸಿ ಒಳಗಿನ ಮೈಗೆ ಬರುವಷ್ಟರಲ್ಲಿ ರಾತ್ರಿಯಾಗಿ, ಹೊರಗೆ ತಂಪು ಬಿದ್ದಿರುತ್ತದೆ. ಆಗ ಎಲ್ಲರೂ ಮಾಳಿಗೆ ಮೇಲೆ ಇಲ್ಲವೇ ಅಂಗಳದಲ್ಲಿ ಹಾಸಿಗೆ ಹಾಸುತ್ತಾರೆ.

ಹಾಗಂತ ಎಲ್ಲರೂ ಮಣ್ಣಿನ ಮನೆಗೆ ಹಿಂದಿರುಗೋಣ ಎನ್ನುವ ಮಾತಲ್ಲ ಇದು. ಆ ಮನೆಯಲ್ಲಿ ಪ್ರತಿ ವರ್ಷ ಮಳೆಗಾಲದ ಮುಂಚೆ ಮಾಳಿಗೆಗೆ ಮಣ್ಣು ಹಾಕಬೇಕು. ಹಾಕದಿದ್ದರೆ ಅಡುಗೆಮನೆಯಲ್ಲಿ ಬೋಗುಣಿ ಇಟ್ಟು ಸೋರುವ ನೀರು ಹಿಡಿಯಬೇಕು. ಕತ್ತಲೆ, ಚೇಳು, ಜಂತಿಯಿಂದ ಉದುರುವ ಧೂಳು ಎಲ್ಲವೂ ಉಂಟು. ಅವ್ವ ಫ್ಲ್ಯಾಟಿಗೆ ಬಂದಾಗ ಮೊದಲು ಖುಷಿಪಟ್ಟದ್ದು ಸೋರದ ಚಾವಣಿಗೇ. ನಗರ ಬೆಳೆಯುತ್ತಿದೆ, ಅಪಾರ್ಟ್‌ಮೆಂಟುಗಳು ಬರುತ್ತಲೇ ಇರುತ್ತವೆ. ನನ್ನ ತಕರಾರು, ಅವು ಬರುವಾಗಲೇ ಯಾಕೆ ಸರಿಯಾಗಿ ಬರಬಾರದು ಎಂಬುದಷ್ಟೇ.

ಚಳಿ ದೇಶದವರು ಈ ಪಾಠವನ್ನು ಮೊದಲೇ ಕಲಿತರು. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ಸಾಲು ಮನೆಗಳ ಒಂದು ಕಟ್ಟಡ ಎದ್ದಿತು. ದಪ್ಪ ಶಾಖನಿರೋಧಕ ಹೊದಿಕೆ, ಮೂರು ಪದರದ ಗಾಜು, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ. ಅದೇ ಮುಂದೆ 'ಪ್ಯಾಸಿವ್ ಹೌಸ್' ಎಂದು ಹೆಸರಾಯಿತು. ಅಂಥ ಮನೆಯನ್ನು ಬೆಚ್ಚಗಿಡಲು ವರ್ಷಕ್ಕೆ ಪ್ರತಿ ಚದರ ಮೀಟರ್‌ಗೆ 15 ಯೂನಿಟ್‌ಗಿಂತ ಹೆಚ್ಚು ಶಾಖ ಬೇಕಾಗಬಾರದು ಎಂಬುದು ಅದರ ಮುಖ್ಯ ಷರತ್ತು.

ನಮ್ಮ ದೇಶದಲ್ಲೂ ನಿಯಮ ಇದೆ ಎಂದು ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ 'ಇಕೊ ನಿವಾಸ್ ಸಂಹಿತಾ' ಎಂಬ ಸಂಹಿತೆಯನ್ನು ಹೊರತಂದಿತು. ಫ್ಯಾನಿಗೆ, ಫ್ರಿಜ್ಜಿಗೆ ನಕ್ಷತ್ರ ಕೊಡುವುದೂ ಇದೇ ಸಂಸ್ಥೆ. 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಕಟ್ಟುವ ವಸತಿ ಕಟ್ಟಡಗಳನ್ನು ಗಮನದಲ್ಲಿಟ್ಟು ಬರೆದದ್ದು ಅದು. ಚಾವಣಿಯ ಯು ಮೌಲ್ಯ 1.2 ದಾಟಬಾರದು ಎನ್ನುತ್ತದೆ. ಚಳಿ ಪ್ರದೇಶಕ್ಕೆ ಗೋಡೆ-ಕಿಟಕಿಗಳ ಯು ಮೌಲ್ಯದ ಮಿತಿ 1.8. ನಮ್ಮಂಥ ಬಿಸಿ ಪ್ರದೇಶಕ್ಕೆ ಅಷ್ಟೇ ಸಾಲದು, ಯಾಕೆಂದರೆ ಇಲ್ಲಿ ಗಾಜಿನ ಮೂಲಕ ಬಿಸಿಲೇ ನೇರ ಒಳಗೆ ಬರುತ್ತದೆ. ಅದಕ್ಕೇ ಗೋಡೆ, ಗಾಜು, ನೆರಳು, ದಿಕ್ಕು ಎಲ್ಲವನ್ನೂ ಸೇರಿಸಿ ಒಂದು ಲೆಕ್ಕ ಹಾಕುತ್ತಾರೆ. ಅದು ಪ್ರತಿ ಚದರ ಮೀಟರ್‌ಗೆ 15 ವಾಟ್ ಮೀರಬಾರದು. ಜರ್ಮನಿಯ 15ಕ್ಕೂ ಇದಕ್ಕೂ ಅಳತೆ ಬೇರೆ, ಅಂಕಿ ಮಾತ್ರ ಒಂದೇ.

ಈಗ ನನ್ನ ಕೋಣೆಯ ಲೆಕ್ಕಕ್ಕೆ 1.2 ಹಾಕಿ ನೋಡಿ. 935 ವಾಟ್ ಇದ್ದದ್ದು 330ಕ್ಕೆ ಇಳಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಇದ್ದಲ್ಲಿ ನಾಲ್ಕೈದು ಫ್ಯಾನುಗಳು ಎಳೆಯುವಷ್ಟು ಶಕ್ತಿ ಉಳಿಯುತ್ತದೆ. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಸ್ಲ್ಯಾಬಿನ ಮೇಲೆ ಎರಡು ಇಂಚಿನ ಶಾಖನಿರೋಧಕ ಫೋಮ್ ಹಲಗೆ ಹಾಸಿ ಗಾರೆ ಮಾಡಿದರೆ ಮಿತಿಯೊಳಗೆ ಸುಲಭವಾಗಿ ಬರುತ್ತದೆ. ಗೋಡೆಗೂ ಅಷ್ಟೇ. ಎಂಟು ಇಂಚಿನ ಹಗುರ ಎಎಸಿ ಬ್ಲಾಕ್ ಗೋಡೆಯ ಯು ಮೌಲ್ಯ ಸುಮಾರು 0.8. ಒಂಬತ್ತಿಂಚಿನ ಇಟ್ಟಿಗೆ ಗೋಡೆಯದು 2ರ ಆಸುಪಾಸು. ಈಚೆಗೆ ಅಚ್ಚು ನಿಲ್ಲಿಸಿ ಎರಕ ಹೊಯ್ಯುವ ಆರಿಂಚಿನ ಕಾಂಕ್ರೀಟ್ ಗೋಡೆಯದು 3.5ಕ್ಕೂ ಹೆಚ್ಚು. ಕಟ್ಟುವುದು ಬೇಗ, ಕಾಯುವುದೂ ಬೇಗ.

ದಿಕ್ಕಿನ ಮಾತು ಇನ್ನೂ ಮುಖ್ಯ, ಅದಕ್ಕೆ ಖರ್ಚೂ ಇಲ್ಲ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಂತು, ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಆ ದಿನಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ. ಪೆಟ್ಟು ತಿನ್ನುವುದು ಚಾವಣಿ, ಆಮೇಲೆ ಪೂರ್ವ ಮತ್ತು ಪಶ್ಚಿಮದ ಗೋಡೆಗಳು. ಚಳಿ ದೇಶದವರು ಬಿಸಿಲು ಒಳಗೆ ಬರಲಿ ಎಂದು ದೊಡ್ಡ ಗಾಜಿಡುತ್ತಾರೆ. ನಾವು ಚಂದ ಕಾಣಲಿ ಎಂದು ಅದನ್ನೇ ಪಶ್ಚಿಮಕ್ಕಿಟ್ಟು, ಮೇಲೆ ಸಜ್ಜಾ ಕೂಡ ಹಾಕದೆ, ಆಮೇಲೆ ದಪ್ಪ ಪರದೆ ಎಳೆದು ಹಗಲಲ್ಲೇ ಲೈಟು ಹಚ್ಚುತ್ತೇವೆ. ನಮ್ಮ ಕಿಟಕಿಗಳು ಜಾರುವ ಬಾಗಿಲಿನವು. ಎಷ್ಟೇ ತೆಗೆದರೂ ಅರ್ಧ ಮುಚ್ಚಿಯೇ ಇರುತ್ತವೆ. ಒಣ ಗಾಳಿಯ ನಮ್ಮ ಊರಿಗೆ ಕೂಲರ್ ಒಳ್ಳೆಯ ಸಾಧನ, ಆದರೆ ಅದನ್ನಿಡಲು ಜಾಗವೇ ಇಲ್ಲ.

ಹಾಗಾದರೆ ಎಸಿ ಹಾಕಿಸಿದರಾಯಿತು ಎನ್ನುತ್ತಾರೆ. ಒಂದೂವರೆ ಟನ್ನಿನ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆದರೂ ರಾತ್ರಿ ಎಂಟು ಗಂಟೆಗೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ನಾವೇ ಕಟ್ಟಬೇಕು. ಅಂದರೆ ಎಸಿ ಒಂದೇ ಆ ಗೆರೆ ದಾಟಿಸುತ್ತದೆ. ಬಿಲ್ಡರ್ ಉಳಿಸಿದ ಫೋಮಿನ ಹಣವನ್ನು ನಾವು ಪ್ರತಿ ಬೇಸಿಗೆ ಕಂತಿನಲ್ಲಿ ಕಟ್ಟುತ್ತೇವೆ. ಎಸಿ ಹೊರಗೆ ಉಗುಳುವ ಬಿಸಿ ಪಕ್ಕದವರ ಬಾಲ್ಕನಿಗೆ ಹೋಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 'ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್' ಪ್ರಕಾರ, 2017–18ಕ್ಕೆ ಹೋಲಿಸಿದರೆ 2037–38ರ ವೇಳೆಗೆ ದೇಶದಲ್ಲಿ ತಂಪು ಮಾಡುವ ಬೇಡಿಕೆ ಸುಮಾರು 8 ಪಟ್ಟು ಆಗಲಿದೆ.

ನಾನು ಮನೆಯಲ್ಲಿದ್ದ ಬ್ರೋಷರ್ ತೆಗೆದು ನೋಡಿದೆ. ಟೈಲ್ಸ್ ಯಾವುದು, ನಲ್ಲಿ ಯಾವ ಕಂಪನಿಯದು, ಲಿಫ್ಟಿಗೆ ಎಷ್ಟು ಜನ ಹಿಡಿಯುತ್ತಾರೆ ಎಲ್ಲ ಇದೆ. ಚಾವಣಿಯ ಬಗ್ಗೆ ಒಂದು ಸಾಲೂ ಇಲ್ಲ. ತಪ್ಪು ನಮ್ಮದೂ ಇದೆ. ಅಪ್ಪ ಕೊಳ್ಳುವಾಗ ಕೇಳಿದ್ದು ಎರಡೇ ಪ್ರಶ್ನೆ, ವಾಸ್ತು ಸರಿಯಿದೆಯಾ, ಕೊನೆಯ ಮಹಡಿ ಅಂದರೆ ಎಷ್ಟು ಕಡಿಮೆ ಮಾಡುತ್ತೀರಿ. ಕಡಿಮೆ ಮಾಡಿದ್ದು ಯಾಕೆ ಎಂದು ನಮಗೆ ಈಗ ಗೊತ್ತಾಗಿದೆ.

ಕಟ್ಟಿ ಮುಗಿದ ಕಟ್ಟಡಕ್ಕೆ ಏನು ಮಾಡಬಹುದು? ಪಕ್ಕದ ತೆಲಂಗಾಣ 2023ರಲ್ಲಿ 'ಕೂಲ್ ರೂಫ್' ನೀತಿ ತಂದಿದೆ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಚಾವಣಿಯನ್ನು ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೂ, 600 ಚದರ ಗಜ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಮನೆಗಳಿಗೂ ಕಡ್ಡಾಯ ಮಾಡಿದೆ. ನಾನು ಇದನ್ನೇ ಹಿಡಿದುಕೊಂಡು ನಮ್ಮ ಅಪಾರ್ಟ್‌ಮೆಂಟಿನ ಸಭೆಗೆ ಹೋದೆ. ತಾರಸಿಗೆ ಬಿಳಿ ಬಳಿಸೋಣ, ಎಲ್ಲರೂ ಹಂಚಿಕೊಳ್ಳೋಣ ಎಂದೆ. ಎರಡನೇ ಮಹಡಿಯ ಕಾಕಾ ಒಬ್ಬರು, "ಬಿಸಿ ಆಗೋದು ನಿಮ್ಮ ಮನೀಗಿ, ರೊಕ್ಕ ನಾವ್ಯಾಕ ಕೊಡಬೇಕವಾ?" ಎಂದರು. ತಾರಸಿ ಎಲ್ಲರದು ಎಂದು ಉಪ್ಪಿನಕಾಯಿ ಒಣಗಿಸುವಾಗ ಒಪ್ಪುವವರು ಸುಣ್ಣದ ಖರ್ಚಿಗೆ ಒಪ್ಪಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಯೋಚಿಸಿದರೆ ಅವರ ಪ್ರಶ್ನೆಯೂ ನ್ಯಾಯದ್ದೇ. ಕಟ್ಟುವಾಗ ಎಲ್ಲ ಮನೆಗಳ ಬೆಲೆಯಲ್ಲಿ ಸೇರಿಹೋಗಬಹುದಾಗಿದ್ದ ಖರ್ಚು, ಕಟ್ಟಿದ ಮೇಲೆ ನೆರೆಹೊರೆಯ ಜಗಳವಾಗುತ್ತದೆ.

ಕೊನೆಗೆ ಐದನೇ ಮಹಡಿಯ ನಾಲ್ಕು ಮನೆಯವರೇ ಹಣ ಹಾಕಿದೆವು. ಈ ವರ್ಷ ಯುಗಾದಿಗೆ ಮೊದಲೇ ತಾರಸಿ ತೊಳೆದು, ಸುಣ್ಣಕ್ಕೆ ಅಂಟು ಸೇರಿಸಿ ಎರಡು ಸಲ ಬಳಿಸಿದೆವು. ಮಧ್ಯಾಹ್ನ ಕಾಲಿಡಲಾಗದಿದ್ದ ತಾರಸಿಯ ಮೇಲೆ ಈಗ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಯಬಹುದು. ಮನೆ ತಂಪಾಗಿಬಿಟ್ಟಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿಯ ಉರಿ ಕಡಿಮೆಯಾಗಿದೆ, ಅಷ್ಟೇ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಮಾಳಿಗೆಗೆ ಮಣ್ಣು ಹಾಕುವ ಮುತ್ಯಾನ ಕೆಲಸವೇ ಹೊಸ ರೂಪದಲ್ಲಿ ನನ್ನ ಪಾಲಿಗೆ ಬಂದಿದೆ.

ಸಂಹಿತೆ ಪುಸ್ತಕದಲ್ಲಿದ್ದರೆ ಸಾಲದು. ನಕ್ಷೆಗೆ ಅನುಮತಿ ಕೊಡುವ ಮೇಜಿನ ಮೇಲೆ ಅದು ಇರಬೇಕು. ಅಲ್ಲಿಯವರೆಗೆ ಫ್ಲ್ಯಾಟ್ ನೋಡಲು ಹೋಗುವವರು ವಾಸ್ತುವಿನ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಸ್ಲ್ಯಾಬಿನ ಮೇಲೆ ಏನು ಹಾಸಿದ್ದೀರಿ? ಗೋಡೆ ಯಾವುದರದು? ಪಶ್ಚಿಮದ ಕಿಟಕಿಗೆ ಸಜ್ಜಾ ಇದೆಯೇ? ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಬ್ರೋಷರಿನಲ್ಲೇ ಉತ್ತರ ಸಿಗಬಹುದು.

ಮೊನ್ನೆ ಮುತ್ಯಾನಿಗೆ ಫೋನ್ ಮಾಡಿ ಸುಣ್ಣದ ಸುದ್ದಿ ಹೇಳಿದೆ. ಬಿಟ್ಟುಹೋದ ತಪಾಸಣೆ ಮುಗಿಸಿಕೊಂಡು ಹೋಗುವಿರಂತೆ, ಬನ್ನಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ತೀನಿ ಯವ್ವಾ. ಒಂದು ರಾತ್ರಿ ಮಲಗಿ ನೋಡ್ತೀನಿ. ಆಮ್ಯಾಲ ನಿನ್ನ ಲೆಕ್ಕ ಖರೇನೋ ಸುಳ್ಳೋ ಹೇಳ್ತೀನಿ" ಎಂದರು. ಸೆಮಿಸ್ಟರ್ ಪರೀಕ್ಷೆಗಿಂತ ನನಗೆ ಈಗ ಆ ಫಲಿತಾಂಶದ್ದೇ ಚಿಂತೆ.